ಒಂದೇ ದಿನದ ಧೂಳು

ಫೆಬ್ರವರಿ 6, 2006. ಸೋಮವಾರ

ಬೆಳಿಗ್ಗೆಯಿಂದ ಟೇಬಲ್ ಒರೆಸಿದ್ದೇ ಒರೆಸಿದ್ದು. ಬೆನ್ನು ತಿರುಗಿಸುವಷ್ಟರಲ್ಲಿ ಮತ್ತೆ ಕೆಂಪು. ಹೊಸಪೇಟೆಯಲ್ಲಿ, ಅದೂ ಸಂಡೂರು ರಸ್ತೆಯ ಮೇಲೆ ಖಾನಾವಳಿ ಇಟ್ಟವಳಿಗೆ ಇದೇ ಹಣೆಬರಹ. ಗಾಡಿಯ ಹಿಂದೆ ಗಾಡಿ. ಟಾರ್ಪಾಲು ಸರಿಯಾಗಿ ಕಟ್ಟುವುದಿಲ್ಲ. ಚೈನಾಕ್ಕೆ ಹೋಗುವ ಅದಿರು ಅರ್ಧ ನನ್ನ ಹೊಸ್ತಿಲಿಗೇ ಬೀಳುತ್ತದೆ. ಆದರೂ ನಮ್ಮ ತಾಟು, ಲೋಟ ನೋಡಿ ಡ್ರೈವರುಗಳು ಕನ್ನಡಿ ಅನ್ನುತ್ತಾರೆ. ಸುಮ್ಮನೆ ಅನ್ನುವುದಿಲ್ಲ.

ಊರಿನ ಹೆಂಗಸರೆಲ್ಲ ಧೂಳು ಕಾಣಬಾರದೆಂದು ಕಂದು, ಮೆರೂನು, ಇಟ್ಟಿಗೆ ಬಣ್ಣದ ಸೀರೆ ಕೊಳ್ಳುತ್ತಾರೆ. ಈ ಕೊಟ್ರಬಸಮ್ಮ ಉಡುವುದು ಹಾಲಿನ ಬಣ್ಣ, ಮೊಸರಿನ ಬಣ್ಣ. ಗಂಜಿ ಹಾಕಿ, ಇಸ್ತ್ರಿ ಮಾಡಿ. "ಮೈನ್ಸಿನ ಊರಾಗ ಡಾಕ್ಟರಮ್ಮನಂಗ ಅದೀರಿ ನೋಡಕ್ಕ" ಎನ್ನುತ್ತಾಳೆ ರೊಟ್ಟಿ ಬಡಿಯುವ ಪಕೀರಮ್ಮ. ಹೊಗಳಿಕೆಯೋ ಚುಚ್ಚುಮಾತೋ ಗೊತ್ತಿಲ್ಲ. ಹೊಗಳಿಕೆ ಅಂತಲೇ ಇಟ್ಟುಕೊಂಡಿದ್ದೇನೆ.

ಮಗಳು ಶೈಲಶ್ರೀಗೆ ಲಕೋಟೆ ಬಂತು. ಅಹಮದಾಬಾದಿನ ಡಿಸೈನ್ ಕಾಲೇಜು. ಜನವರಿಯಲ್ಲಿ ಬೆಂಗಳೂರಿಗೆ ಹೋಗಿ ಪರೀಕ್ಷೆ ಬರೆದಿದ್ದಳು. ಪಾಸು. ಇನ್ನು ಅರ್ಜಿಯ ಎರಡನೆಯ ಭಾಗ ತುಂಬಿ ಕಳಿಸಬೇಕು, ಮೇ ತಿಂಗಳಲ್ಲಿ ಇಂಟರ್‌ವ್ಯೂ. ಬಟ್ಟೆ, ಕುರ್ಚಿ, ಪಾತ್ರೆ ಹೇಗಿದ್ದರೆ ಚೆಂದ ಎಂದು ಯೋಚಿಸುವುದನ್ನು ಕಲಿಸುತ್ತಾರಂತೆ. ನಮ್ಮ ಬೀದಿಯಿಂದ ಯಾರೂ ಅಷ್ಟು ದೂರ ಓದಲು ಹೋಗಿಲ್ಲ. ನನ್ನ ಮಗಳು ಹೋಗುತ್ತಾಳೆ.

ಅರ್ಜಿಯ ಕೊನೆಯ ಪುಟವನ್ನು ಓದಿ ಹೇಳಿದಳು. ಕೈಯಾರೆ ಮಾಡಿದ್ದು ಏನಾದರೂ ಒಂದನ್ನು ಕಳಿಸಬಹುದು, ಆದರೆ ಅದು ಆಪ್ಷನಲ್.

ನಮ್ಮ ಮನೆಯವರು ಉಣ್ಣುತ್ತ ಕೂತಿದ್ದರು. ವೇಬ್ರಿಡ್ಜ್‌ನಲ್ಲಿ ಗಾಡಿ ತೂಗಿ ತೂಗಿ ಮನುಷ್ಯನಿಗೆ ಮಾತೂ ತೂಗಿ ಆಡುವ ಚಟ. "ಆಪ್ಷನಲ್ ಅಂದ್ರ ಕಳಿಸ್ದಿದ್ರೂ ನಡೀತದಲ್ಲ" ಅಂದರು.

"ನಮ್ಮ ಖಾನಾವಳಿಯಾಗ ಉಪ್ಪಿನಕಾಯಿನೂ ಆಪ್ಷನಲ್‌ರಿ. ಒಂದಿನ ತಾಟಿಗೆ ಹಾಕ್ದ ಬಿಟ್ಟು ನೋಡ್ರಿ, ಯಾರ್ಯಾರ ಕೈಲಿ ಬೈಸ್ಕೊಂತೀರಿ ಅಂತ" ಅಂದೆ.

ಶೈಲಾ ನಕ್ಕಳು. ಇವರು ಉಪ್ಪಿನಕಾಯಿ ಹಾಕಿಸಿಕೊಂಡರು.

ಫೆಬ್ರವರಿ 9. ಗುರುವಾರ

ಬಿಳಿ ಬಟ್ಟೆ ಬೇಕೆಂದಳು. ಇವರ ಹಳೆಯ ಪಂಚೆ ಕೊಟ್ಟೆ, ಎರಡು ಸಲ ಒಗೆದದ್ದು. ಕರವಸ್ತ್ರಕ್ಕಿಂತ ಸ್ವಲ್ಪ ದೊಡ್ಡದಾಗಿ ಚೌಕ ಚೌಕ ಹರಿದುಕೊಂಡಳು.

"ಏನ್ ಮಾಡ್ತಿ ಇದರಾಗ?"

"ಹೇಳಿದ್ರ ನೀ ಬೈತಿ."

"ಕಸೂತಿ ಹಾಕ್ತಿಯೇನು?"

ನಕ್ಕಳು. ನಕ್ಕರೆ ಹೌದೆಂದೇ ಲೆಕ್ಕ. ಪೆಟ್ಟಿಗೆಯಿಂದ ನಮ್ಮತ್ತೆಯ ದಾರದ ಉಂಡೆಗಳನ್ನು ತೆಗೆದು ಅವಳ ಮೇಜಿನ ಮೇಲಿಟ್ಟೆ. ಗೋಪುರ, ಆನೆ, ತುಳಸಿಕಟ್ಟೆ, ಎಲ್ಲ ಎಳೆ ಎಣಿಸಿ ಹಾಕಲು ನಾನೇ ಕಲಿಸಿದ್ದು. ಅವಳ ಕೈ ನನಗಿಂತ ಚೊಕ್ಕ. ಇದನ್ನು ಅವಳ ಮುಂದೆ ಹೇಳುವುದಿಲ್ಲ, ಇಲ್ಲಿ ಬರೆದಿಡುತ್ತೇನೆ.

ಮಧ್ಯಾಹ್ನ ಊಟಕ್ಕೆ ಬಂದವರಿಗೆಲ್ಲ ಹೇಳಿದೆ. ಹೊನ್ನೂರಸ್ವಾಮಿ, ದಿನಾ ನಮ್ಮಲ್ಲೇ ಉಣ್ಣುವ ಡ್ರೈವರು, "ಅಹಮದಾಬಾದ್ ಭಾಳ ದೂರ ಅಲ್ರೀ ಅಮ್ಮಾರ? ನಮ್ಮ ಗಾಡಿನೂ ಅಷ್ಟು ದೂರ ಹೋಗಲ್ಲ" ಅಂದ. ನಿನ್ನ ಗಾಡಿ ಎಲ್ಲಿಗೆ ಹೋಗುತ್ತದೆಂದು ನನ್ನ ಮಗಳ ದೂರ ಅಳೆಯಬೇಡ ಅಂದೆ. ಇನ್ನೊಂದು ರೊಟ್ಟಿ ಹಾಕಿದೆ.

ಫೆಬ್ರವರಿ 27. ಸೋಮವಾರ

ಶಿವರಾತ್ರಿಯ ಉಪವಾಸ, ಜಾಗರಣೆ ಮುಗಿಯಿತು. ಶೈಲಾ ಇನ್ನೂ ಒಂದೆಳೆ ಹೊಲಿದಿಲ್ಲ. ಪರೀಕ್ಷೆ ಹತ್ತಿರ ಬಂತು ಅಂದರೆ ಊರೂರು ತಿರುಗುತ್ತಾಳೆ. ಕಂಪ್ಲಿಯಲ್ಲಿ ನನ್ನ ತಮ್ಮನ ಅಕ್ಕಿ ಗಿರಣಿಗೆ ಹೋಗಿ ಬಂದಳು. ಹಂಪಿ ಹತ್ತಿರದ ಕಡ್ಡಿರಾಂಪುರದ ಚಿಕ್ಕಮ್ಮನ ಮನೆಗೆ ಹೋದಳು, ಕುರೆಕುಪ್ಪಕ್ಕೂ. ಅಪ್ಪನ ಜೊತೆ ಸಂಡೂರಿಗೂ.

"ಏನ್ ಹುಡುಕಾಕ ಹೊಂಟೀ?" ಅಂದರೆ "ಡಿಸೈನ್" ಅಂದಳು. ಹಂಪಿಯ ಕಂಬ ನೋಡಿ ನಕ್ಷೆ ಬರೆದುಕೊಂಡು ಬರುತ್ತಾಳೆಂದು ನಾನು ತಿಳಿದಿದ್ದೇನೆ. ಕೊನೆಯ ತಾರೀಖು ಏಪ್ರಿಲ್ ಹನ್ನೆರಡು. ದಾರದ ಉಂಡೆ ಇಟ್ಟಲ್ಲೇ ಇದೆ, ಅದರ ಮೇಲೂ ಕೆಂಪು ಕೂತಿತ್ತು, ಒರೆಸಿದೆ.

ಮಾರ್ಚ್ 24. ಶುಕ್ರವಾರ, ಮಧ್ಯಾಹ್ನ

ಬರುವ ಗುರುವಾರ ಯುಗಾದಿ. ಯುಗಾದಿಗೆ ಮುಂಚೆ ಮನೆಯಲ್ಲಿ ಒಂದು ಚಿಂದಿಯೂ ತೊಳೆಯದೆ ಉಳಿಯಬಾರದು. ನಮ್ಮತ್ತೆ ಹಾಕಿಕೊಟ್ಟ ಪದ್ಧತಿ. ಕೌದಿ, ಚಾದರ, ಪರದೆ, ಗೋಣಿಚೀಲ ಕೂಡ ಬಿಡುವುದಿಲ್ಲ. ಶೈಲಾ ಪಿಯುಸಿ ಪರೀಕ್ಷೆಗೆ ಹೋಗಿದ್ದಾಳೆ, ಇವತ್ತು ಇಕನಾಮಿಕ್ಸ್. ಅವಳಿಲ್ಲದಾಗ ಅವಳ ಕೋಣೆ ತೊಳೆಯುವುದೇ ಸುಲಭ.

ಮಂಚದ ಕೆಳಗೆ, ಟ್ರಂಕಿನ ಹಿಂದೆ ಒಂದು ಪ್ಲಾಸ್ಟಿಕ್ ಚೀಲ. ಬಿಚ್ಚಿದರೆ ಪಂಚೆಯ ಚೌಕಗಳು. ಒಂದು ಇಟ್ಟಿಗೆ ಪುಡಿಯಂತೆ, ಇನ್ನೊಂದು ಕಪ್ಪುಗೆಂಪು, ಮತ್ತೊಂದು ಕಾವಿ. ಒಂದೊಂದಕ್ಕೂ ಪಿನ್ನು ಚುಚ್ಚಿ ಊರಿನ ಹೆಸರಿನ ಚೀಟಿ. ಯಾವ ಊರಿನ ನಕ್ಷೆ ಯಾವುದರ ಮೇಲೆ ಹಾಕಬೇಕೆಂಬ ಗುರುತು ಅಂದುಕೊಂಡೆ. ಎಲ್ಲೋ ಹೊರಗಿಟ್ಟು ಮರೆತಿದ್ದಾಳೆ, ಈಗ ಹೇಳಿದರೆ ಬೈತೀನೆಂದು ಬಚ್ಚಿಟ್ಟಿದ್ದಾಳೆ, ಪಾಪ. ಪರೀಕ್ಷೆಯ ಗಡಿಬಿಡಿ.

ಚೀಟಿಗಳನ್ನು ತೆಗೆದಿಟ್ಟೆ. ಅದಿರಿನ ಕೆಂಪು ತೆಗೆಯುವುದು ಎಲ್ಲರ ಕೈಲಾಗುವ ಕೆಲಸವಲ್ಲ. ಮೊದಲೇ ಸೋಪು ಹಚ್ಚಬಾರದು, ಕಚ್ಚಿಕೊಳ್ಳುತ್ತದೆ. ಒಣಗಿದ್ದಾಗಲೇ ಕೊಡವಬೇಕು. ಬಿಸಿನೀರಿಗೆ ಹುಣಸೆಹಣ್ಣು ಕಿವುಚಿ ನೆನೆಸಬೇಕು. ನಿಂಬೆಹಣ್ಣು, ಉಪ್ಪು ಉಜ್ಜಿ ಬಿಸಿಲಿಗಿಡಬೇಕು. ಆಮೇಲೆ ಸೋಪು, ಆಮೇಲೆ ನೀಲಿ, ಗಂಜಿ. ಇಸ್ತ್ರಿಯನ್ನೂ ಮಾಡಿಸಿ ತಂದು ಅವಳ ಮೇಜಿನ ಮೇಲೆ ಇಟ್ಟಿದ್ದೇನೆ. ಬೆಳ್ಳಗೆ, ಮಲ್ಲಿಗೆಯ ಹಾಗೆ. ಬಂದು ನೋಡಲಿ.

ಅದೇ ದಿನ, ಸಂಜೆ

ಬಂದಳು. ನೋಡಿದಳು. ಕೂಗಾಡಲಿಲ್ಲ. ಕೂಗಾಡಿದ್ದರೆ ನಾನೂ ಕೂಗಾಡುತ್ತಿದ್ದೆ, ಅಲ್ಲಿಗೆ ಮುಗಿಯುತ್ತಿತ್ತು.

"ಅಮ್ಮಾ, ಇವೇ ನನ್ನ ಕೆಲಸ ಇದ್ವು" ಅಂದಳು.

ಅರ್ಥವಾಗಲಿಲ್ಲ. ಮಂಚದ ಮೇಲೆ ಕೂತು ಹೇಳಿದಳು. ಒಂದೇ ಪಂಚೆಯ ತುಂಡುಗಳು. ಒಂದನ್ನು ನಮ್ಮ ಖಾನಾವಳಿಯ ಬೋರ್ಡಿನ ಹಿಂದೆ ಕಟ್ಟಿದ್ದಳಂತೆ, ಉಳಿದವನ್ನು ಸಂಡೂರು, ಕುರೆಕುಪ್ಪ, ಕಡ್ಡಿರಾಂಪುರ, ಕಂಪ್ಲಿಯಲ್ಲಿ. ಒಂದು ತಿಂಗಳು ಹಾಗೇ ಬಿಟ್ಟು ತಂದದ್ದು. ಕಂಪ್ಲಿಯದಕ್ಕೆ ಬರೀ ಅಕ್ಕಿ ತೌಡು ಕೂತಿತ್ತಂತೆ. ಸಾಲಾಗಿ ಇಟ್ಟರೆ ನಮ್ಮ ಸೀಮೆಯ ಗಾಳಿ ಕಣ್ಣಿಗೆ ಕಾಣುತ್ತಿತ್ತು ಅಂದಳು.

"ಧೂಳು ಕಳಿಸಾಕ ಹೊಂಟಿದ್ದೇನಲೇ?" ಅಂದೆ. "ಕಸೂತಿ ಬರ್ತದ, ಹೊಲಿಗಿ ಬರ್ತದ. ಅದು ಬಿಟ್ಟು ಹೊಲಸು ಅರಿವಿ? ಇವಳ ಮನ್ಯಾಗ ಬಟ್ಟಿ ಒಗಿಯೋರು ಯಾರೂ ಇಲ್ಲೇನು ಅಂದ್ರ ಅವರು?"

"ನಾನು ಧೂಳಿಗೆ ಬೈಯಾಕ ಮಾಡಿದ್ದಲ್ಲಮ್ಮ. ನಮ್ಮೂರು ಹೆಂಗೈತಿ ಅಂತ ತೋರ್ಸಾಕ ಮಾಡಿದ್ದು."

"ನಮ್ಮೂರು ತೋರ್ಸಾಕ ಹಂಪಿ ಇಲ್ಲೇನು?"

ಇಸ್ತ್ರಿ ಮಾಡಿದ ತುಂಡುಗಳನ್ನು ಒಂದರ ಮೇಲೊಂದು ಜೋಡಿಸಿ ಕಪಾಟಿನಲ್ಲಿಟ್ಟು, ಮುಂದಿನ ಪರೀಕ್ಷೆಗೆ ಓದಲು ಕೂತಳು. ಇವರು ಬಂದು ವಿಷಯ ಕೇಳಿ, "ಒಂದ್ಮಾತು ಕೇಳಿ ಒಗಿಬೇಕಿತ್ತು ನೀನು" ಅಂದರು. ನಾನು ತಪ್ಪು ಮಾಡಿಲ್ಲ. ಕೊಳೆ ಬಟ್ಟೆ ಒಗೆದೆ. ಯಾವ ಊರಲ್ಲಿ ಅದು ತಪ್ಪು?

ಮಾರ್ಚ್ 27. ಸೋಮವಾರ

ಮಾತಿಲ್ಲ. ಊಟಕ್ಕೆ ಕರೆದರೆ ಬರುತ್ತಾಳೆ, ಬಡಿಸಿದ್ದು ಉಣ್ಣುತ್ತಾಳೆ, ಉಪ್ಪು ಹೆಚ್ಚಾದರೂ ಹೇಳುವುದಿಲ್ಲ. ಇದಕ್ಕಿಂತ ಬೈಗುಳವೇ ವಾಸಿ.

ಅಪ್ಪ ಮಗಳು ಅಂಗಳದಲ್ಲಿ ಮಾತಾಡುವುದು ಕೇಳಿಸಿತು.

"ಹಂಗ ಅರ್ಜಿ ಕಳಿಸಿಬಿಡ್ತೀನಪ್ಪ. ಆಪ್ಷನಲ್ ಅಲ್ಲೇನು."

"ಸೀಟು ಸಿಗ್ತದ?"

"ಸಿಗೂದಿಲ್ಲ. ನನ್ನಷ್ಟು ಮಾರ್ಕ್ಸ್ ತಗೊಂಡೋರು ಭಾಳ ಮಂದಿ ಅದಾರ. ಅವರೆಲ್ಲ ದೊಡ್ಡ ಊರಾಗ ಡ್ರಾಯಿಂಗ್ ಕ್ಲಾಸಿಗೆ ಹೋದೋರು. ನನ್ನ ಕೈಯಾಗ ಬ್ಯಾರೆ ಏನಿತ್ತು, ಇದೊಂದೇ ಇತ್ತು. ಮತ್ತ ಕಟ್ಟಾಕ ತಿಂಗಳು ಎಲ್ಲೈತಿ?"

ಅವಳ ದನಿ ಅಳುವಂತಿರಲಿಲ್ಲ. ಮುಗಿದ ಕೆಲಸದ ಬಗ್ಗೆ ಹೇಳುವ ಹಾಗಿತ್ತು. ಒಲೆಯ ಮುಂದೆ ಸುಮ್ಮನೆ ನಿಂತಿದ್ದೆ. ಪಕೀರಮ್ಮ "ಅಕ್ಕಾ, ರೊಟ್ಟಿ ಸೀದೈತಿ" ಅಂದಾಗಲೇ ಎಚ್ಚರ. ಈ ಒಲೆಯ ಮೇಲೆ ನನ್ನ ಕೈಯಲ್ಲಿ ರೊಟ್ಟಿ ಸೀದದ್ದು ನೆನಪಿಲ್ಲ.

ಮಾರ್ಚ್ 30. ಯುಗಾದಿ

ಬೇವು ಬೆಲ್ಲ ಹಂಚಿದೆ. ಹೋಳಿಗೆ ಮಾಡಿದೆ. ಅವಳಿಗೆ ಇಷ್ಟವೆಂದು ತುಪ್ಪ ಜಾಸ್ತಿ ಹಾಕಿದೆ. "ಸಾಕಮ್ಮ" ಅಂದಳು. ಒಂದು ವಾರಕ್ಕೆ ಅದೇ ಮೊದಲ ಮಾತು. ಖುಷಿಯಾಯಿತು, ತೋರಿಸಿಕೊಳ್ಳಲಿಲ್ಲ.

ಹಬ್ಬದ ದಿನವೂ ಗಾಡಿ ಓಡುತ್ತವೆ. ಹೊನ್ನೂರಸ್ವಾಮಿ ಹೋಳಿಗೆಗೆ ಬಂದಿದ್ದ. ಸುಮ್ಮನೆ ಮಾತಿಗೆ ಕೇಳಿದ ಹಾಗೆ ಕೇಳಿದೆ, "ಬಿಳಿ ಅರಿವಿ ಜಲ್ದಿ ಕೆಂಪಾಗಬೇಕು ಅಂದ್ರ ಎಲ್ಲಿ ಕಟ್ಟಬೇಕಪ್ಪ?"

ನನ್ನ ಮುಖವನ್ನೇ ನೋಡಿದ. ಈ ಪ್ರಶ್ನೆ ನನ್ನ ಬಾಯಿಂದ ಬರುತ್ತದೆಂದು ಅವನೇನು, ನಾನೂ ಅಂದುಕೊಂಡಿರಲಿಲ್ಲ.

"ಕಟ್ಟೂದ್ಯಾಕ್ರಿ ಅಮ್ಮಾರ, ಸಂಡೂರಿನ ವೇಬ್ರಿಡ್ಜ್ ತಿರುವಿನ್ಯಾಗ ಅರ್ಧ ದಿನ ನಿಂದರ್ರಿ. ನೀವೇ ಕೆಂಪಾಗ್ತೀರಿ" ಅಂದು ನಕ್ಕ. ಹೋಳಿಗೆ ತಿಂದು ಹೋದ.

ಏಪ್ರಿಲ್ 3. ಸೋಮವಾರ

ಮೈಕೈ ನೋವು. ಆದರೂ ಇದನ್ನು ಬರೆದೇ ಮಲಗಬೇಕು.

ಬೆಳಿಗ್ಗೆ ಖಾನಾವಳಿ ಪಕೀರಮ್ಮನ ಕೈಗೆ ಕೊಟ್ಟು ಹೊರಟೆ.

"ಎಲ್ಲಿಗಕ್ಕ?"

"ಸಂಡೂರಿಗೆ."

"ಏನೈತಿ ಅಲ್ಲಿ?"

"ಧೂಳು."

ಮೊಸರಿನ ಬಣ್ಣದ ಕಾಟನ್ ಸೀರೆ ಉಟ್ಟಿದ್ದೆ, ನೀಲಿ ಅಂಚಿನದು. ಪರವೂರಿಗೆ ಹೋಗುವಾಗ ಅದೇ ಉಡುವುದು. ಹಳೇದೊಂದು ಉಟ್ಟುಕೊಂಡು ಹೋಗಕ್ಕ ಅಂದಳು ಪಕೀರಮ್ಮ. ಧೂಳಿಗೆ ಹೆದರಿ ಸೀರೆ ಬದಲಿಸಿದವಳಲ್ಲ ನಾನು.

ವೇಬ್ರಿಡ್ಜ್ ತಿರುವಿನಲ್ಲಿ ಬಸ್ ಇಳಿದೆ. ಇಸ್ತ್ರಿ ಮಾಡಿದ ತುಂಡುಗಳನ್ನು ಕಂಬಕ್ಕೆ ಕಟ್ಟಿದರೆ ಗಾಳಿಗೆ ಸುತ್ತಿಕೊಂಡು ಹಗ್ಗವಾದವು. ಕಲ್ಲಿನ ಕೆಳಗಿಟ್ಟರೆ ಮೇಕೆ ಬಂದು ಎಳೆಯಿತು. ಕೊನೆಗೆ ಎರಡೂ ಕೈಯಲ್ಲಿ ಅಗಲಕ್ಕೆ ಹಿಡಿದು ರಸ್ತೆಯ ಅಂಚಿಗೆ ನಿಂತುಬಿಟ್ಟೆ. ಒಂದು ಆದಮೇಲೆ ಒಂದು.

ಗ್ರಹಚಾರ ನೋಡಬೇಕು. ಆ ರಸ್ತೆಯ ಡ್ರೈವರುಗಳು ಅರ್ಧ ಮಂದಿ ನನ್ನ ಕೈಯ ರೊಟ್ಟಿ ಉಂಡವರು. ನನ್ನನ್ನು ಕಂಡ ಕೂಡಲೇ ಗಾಡಿ ನಿಧಾನ ಮಾಡುತ್ತಾರೆ, ಅಮ್ಮಾರ ಮೇಲೆ ಧೂಳು ಹಾರಬಾರದೆಂದು. ಕೆಲವರು ಕೈ ಮುಗಿದರು. ಒಬ್ಬ ಗಾಡಿ ನಿಲ್ಲಿಸಿ "ಬಸ್ ತಪ್ಪಿತೇನ್ರಿ, ಬರ್ರಿ ಕುಂದ್ರಿ" ಅಂದ. ಜೋರಾಗಿ ಹೋಗಪ್ಪ ಅಂದರೆ ಇನ್ನೂ ನಿಧಾನ ಮಾಡುತ್ತಾನೆ. ಹೊನ್ನೂರಸ್ವಾಮಿ ಬಂದವನೇ ಬಾಗಿಲಿನಿಂದ ತಲೆ ಹಾಕಿ, "ಚಿಂತಿ ಮಾಡಬ್ಯಾಡ್ರಿ, ಹಿಂದಿನ ಗಾಡಿಯವ್ರಿಗೆಲ್ಲ ಹೇಳೀನಿ, ಅಮ್ಮಾರು ನಿಂತಾರ, ಮೆಲ್ಲಕ ಬರ್ರಿ ಅಂತ" ಅಂದ. ಅವನಿಗೆ ಬೈದದ್ದನ್ನು ಇಲ್ಲಿ ಬರೆಯುವುದಿಲ್ಲ. ಆಮೇಲೆ ವಿಷಯ ಹೇಳಿದೆ. ಎಲ್ಲರಿಗೂ ಮುಟ್ಟಿಸಿದ. ಅಲ್ಲಿಂದ ಶುರುವಾಯಿತು. ಒಬ್ಬೊಬ್ಬನೂ ಹಾರನ್ ಹೊಡೆದುಕೊಂಡು ಬಂದ ಭರಕ್ಕೆ ನನಗೆ ಎದುರಿನ ಗುಡ್ಡ ಕಾಣಲಿಲ್ಲ.

ಇವರು ವೇಬ್ರಿಡ್ಜ್ ಆಫೀಸಿನಿಂದ ನೋಡಿದರು. ಪ್ಲಾಸ್ಟಿಕ್ ಕುರ್ಚಿ ತಂದು ಹಿಂದೆ ಹಾಕಿ, "ಕುಂದ್ರು" ಅಂದರು. ಕೂರಲಿಲ್ಲ. ನೀರು ಕೊಟ್ಟರು, ಕುಡಿದೆ. ಸಂಜೆಯವರೆಗೂ ನಿಂತೆ.

ಮನೆಗೆ ಬಂದಾಗ ಶೈಲಾ ಬಾಗಿಲಲ್ಲಿದ್ದಳು. ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಅಮ್ಮಾ, ರೋಡಿನ್ಯಾಗ ನಿಂತಿದ್ದೇನು?"

"ಇಲ್ಲ, ಮದುವಿಗಿ ಹೋಗಿದ್ದೆ."

ನಕ್ಕಳು. ನಗುತ್ತ ನಗುತ್ತ ಅತ್ತಳು. ನನ್ನ ಕಣ್ಣಿಗೂ ಧೂಳು ಬಿದ್ದಿತ್ತು, ಇಡೀ ದಿನದ್ದು.

ತುಂಡುಗಳನ್ನು ಕೊಟ್ಟೆ. ಬೆಳಕಿಗೆ ಹಿಡಿದು ನೋಡಿದಳು. ಸಾಲದು ಅಂದಳು, ಮೆತ್ತಗೆ. ಒಂದು ದಿನದ್ದು ತಿಂಗಳದ್ದರ ಹಾಗೆ ಕಾಣುವುದಿಲ್ಲ, ಎಲ್ಲವೂ ಒಂದೇ ಊರಿನದು, ಸುಳ್ಳು ಬರೆಯಲಾರೆ ಅಂದಳು. ಆಯಿತು, ಮುಗಿಯಿತು ಎಂದು ಒಳಗೆ ಹೋಗಿ ಸೀರೆ ಬದಲಿಸಿದೆ. ಹುಣಸೆ ನೀರಿನ ಬಕೆಟ್ಟಿಗೆ ಹಾಕಬೇಕು, ಅಷ್ಟರಲ್ಲಿ ಓಡಿ ಬಂದು ಕೈ ಹಿಡಿದುಕೊಂಡಳು.

"ನೀರಿಗೆ ಹಾಕಬ್ಯಾಡಮ್ಮ. ತಡಿ."

ಸೀರೆಯನ್ನು ನೆಲದ ಮೇಲೆ ಉದ್ದಕ್ಕೆ ಹಾಸಿದಳು. ನೆರಿಗೆಯ ಹೊರಮೈಯೆಲ್ಲ ಕೆಂಪು, ಒಳಮೈ ಮೊಸರಿನ ಬಣ್ಣವೇ. ಪಟ್ಟೆ ಪಟ್ಟೆ. ಸೊಂಟಕ್ಕೆ ಸಿಕ್ಕಿಸಿದ್ದು ಬೆಳ್ಳಗೆ, ಹೆಗಲ ಮೇಲಿನದು ಕಡುಗೆಂಪು, ಸೆರಗಿನಲ್ಲಿ ನಾನು ಮುಖ ಒರೆಸಿಕೊಂಡ ಗುರುತು. ಎದುರು ಒಬ್ಬಳು ಹೆಂಗಸು ನಿಂತ ಹಾಗೆ ಕಾಣುತ್ತಿತ್ತು. ನಾನೇ. ನನಗೇ ಒಂಥರಾ ಆಯಿತು.

"ಇದನ್ನ ಕೊಡು" ಅಂದಳು.

ಏಪ್ರಿಲ್ 4. ಮಂಗಳವಾರ

ಕೊಡುವುದಿಲ್ಲ.

ಉಟ್ಟ ಸೀರೆ. ಬೆವರಿನದು. ಪಕೀರಮ್ಮನಿಗೆ ಹಳೆಯ ಸೀರೆ ಕೊಡುವಾಗಲೂ ತೊಳೆದು, ಇಸ್ತ್ರಿ ಮಾಡಿಯೇ ಕೊಟ್ಟವಳು ನಾನು. ಗುರುತು ಪರಿಚಯವಿಲ್ಲದ ದೊಡ್ಡ ಮನುಷ್ಯರ ಮೇಜಿನ ಮೇಲೆ ನನ್ನ ಕೊಳೆ ಸೀರೆ ಹಾಸಿ ನೋಡುವುದು... ನೆನೆಸಿಕೊಂಡರೇ ಮೈ ಮುದುಡುತ್ತದೆ. ಇಷ್ಟು ವರ್ಷ ಈ ರಸ್ತೆಯಲ್ಲಿ ಹೆಸರು ಉಳಿಸಿಕೊಂಡದ್ದು ಇದಕ್ಕೇನು?

ಶೈಲಾ ಒತ್ತಾಯ ಮಾಡಲಿಲ್ಲ. ಸೀರೆಯನ್ನು ಹಳೆಯ ಚಾದರದ ಮೇಲೆ ಹಾಸಿ ಅದರ ಪಕ್ಕ ಕೂತಿದ್ದಳು. ಕೆಂಪು ಬಿಳಿ ಸೇರುವ ಗೆರೆಯನ್ನು ಬೆರಳಿನಲ್ಲಿ, ಮುಟ್ಟದೆ, ಗಾಳಿಯಲ್ಲೇ ಎಳೆಯುತ್ತಿದ್ದಳು.

"ಧೂಳು ಉದುರಿ ಹೋದ್ರೂ ಈ ಗೆರಿ ಉಳೀಬೇಕಮ್ಮ. ಇಲ್ಲಿ ದಾರ ಹಾಕ್ತೀನಿ. ಅತ್ತಿ ದಾರದ ಬಿಳಿ ಉಂಡಿ ಐತಲ್ಲ" ಅಂದಳು. ಅತ್ತಿ ಅಂದರೆ ನನ್ನತ್ತೆ, ಅವಳ ಅಜ್ಜಿ. ನಾನು ಕರೆಯುವ ಹಾಗೇ ಅವಳಿಗೂ ರೂಢಿ.

ಕೊಡುವುದಿಲ್ಲ ಅಂದೆನಲ್ಲ ಅಂದೆ. ಆದರೆ ದಾರದ ಉಂಡೆ ಕೊಟ್ಟೆ. ಅದು ಬೇರೆ ವಿಷಯ.

ಏಪ್ರಿಲ್ 5. ಬುಧವಾರ

ಒಪ್ಪಿದೆ. ಷರತ್ತಿನ ಮೇಲೆ.

"ಇದರ ಜೋಡಿ ಒಂದು ಚೀಟಿ ಹೋಗಬೇಕು. ನಾ ಹೇಳಿದಂಗ ಬರಿ" ಅಂದೆ.

"ಹೇಳು."

"ಇದು ಒಂದೇ ದಿನದ ಧೂಳು. ನಮ್ಮನ್ಯಾಗ ಬಟ್ಟಿ ದಿನಾ ಒಗಿತೀವಿ. ಬರಿ."

"ಅಷ್ಟನ್ನ?"

"ಅಷ್ಟನ್ನ. ನಾನು ಹೊಲಸು ಹೆಂಗಸು ಅಂತ ಯಾರೂ ತಿಳ್ಕೊಬಾರ್ದು."

ಪೆನ್ನು ತೆಗೆದುಕೊಂಡಳು. ಇಂಗ್ಲಿಷಿನಲ್ಲಿ ಬರೆದಳು. ಓದಿಸಿದೆ, ತಿರುಗಿ ಕನ್ನಡದಲ್ಲಿ ಹೇಳಿಸಿದೆ. ಒಂದು ಮಾತೂ ಬಿಟ್ಟಿರಲಿಲ್ಲ. ಧೂಳು ಅಮ್ಮನ ಮೇಲೆ ಬಿದ್ದದ್ದು, ದಾರ ನನ್ನದು ಅಂತ ಕೆಳಗೆ ತಾನೇ ಸೇರಿಸಿದ್ದಳು. ಇರಲಿ, ನಿಜ ತಾನೆ.

ಏಪ್ರಿಲ್ 8. ಶನಿವಾರ

ಹೊಲಿಗೆ ಮುಗಿಯಿತು. ಎಂಥ ಕೈ. ಗೋಪುರವಿಲ್ಲ, ಆನೆಯಿಲ್ಲ, ಬರೀ ಒಂದೆಳೆಯ ಗೆರೆ, ನೆರಿಗೆಯ ಜೊತೆ ಇಳಿದು, ಸೊಂಟದಲ್ಲಿ ತಿರುಗಿ, ಸೆರಗಿನವರೆಗೆ. ಹಿಂದೆ ತಿರುಗಿಸಿ ನೋಡಿದೆ, ಒಂದು ಗಂಟೂ ಇಲ್ಲ. ಇದು ನಾನು ಕಲಿಸಿದ್ದು.

ಮಡಚುವಾಗ ಅಭ್ಯಾಸಬಲದಿಂದ ಒಂದು ಸಲ ಕೊಡವಲು ಹೋದೆ. ಇಬ್ಬರೂ, ಅಪ್ಪ ಮಗಳು, ಒಟ್ಟಿಗೇ ಕೈ ಹಿಡಿದರು. ಸ್ಪೀಡ್ ಪೋಸ್ಟ್ ಮಾಡಿ ಬಂದೆವು.

ಏಪ್ರಿಲ್ 20. ಗುರುವಾರ

ಪಾರ್ಸೆಲ್ ಬಿಚ್ಚಿರುತ್ತಾರೆ. ಮೂಗು ಮುಚ್ಚಿಕೊಂಡಿರುತ್ತಾರೆ. ಚೀಟಿ ಓದದೆ ಸೀರೆಯನ್ನಷ್ಟೇ ನೋಡಿದ್ದರೆ ಗತಿಯೇನು?

ಮೇ 18. ಗುರುವಾರ. ಬೆಂಗಳೂರು

ಹಂಪಿ ಎಕ್ಸ್‌ಪ್ರೆಸ್ಸಿನಲ್ಲಿ ಬಂದು ಇಳಿದೆವು. ಇಂಟರ್‌ವ್ಯೂ ಆಯಿತು. ನಾನು ಹೊರಗೆ ಬೆಂಚಿನ ಮೇಲೆ. ಬೇರೆ ಮಕ್ಕಳ ತಾಯಂದಿರು ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದರು. ಅವರವರ ಮಕ್ಕಳು ಕಳಿಸಿದ್ದು ಪೇಂಟಿಂಗು, ಮಣ್ಣಿನ ಬೊಂಬೆ, ಮರದ ಸ್ಟೂಲು. ನಿಮ್ಮ ಮಗಳು ಅಂತ ಕೇಳಿದರು. "ಹೊಲಿಗೆ" ಅಂದುಬಿಟ್ಟೆ. ಪೂರ್ತಿ ಹೇಳಲು ಬಾಯಿ ಬರಲಿಲ್ಲ.

ಶೈಲಾ ಹೊರಗೆ ಬಂದಾಗ ಮುಖ ಕೆಂಪಗಿತ್ತು. ಬೇರೆ ಏನೂ ಕೇಳಲೇ ಇಲ್ಲವಂತೆ. ಸೀರೆಯನ್ನು ಮೇಜಿನ ತುಂಬ ಹಾಸಿದ್ದರಂತೆ. ಮೂವರಲ್ಲಿ ನಡುವಿನ ಮೇಡಂ ಚೀಟಿಯನ್ನು ಎರಡು ಸಲ ಓದಿ, "ಒಂದೇ ದಿನ? ನಿಜವಾಗಿ?" ಅಂದರಂತೆ.

"ಏನಂದಿ ನೀನು?"

"ನಿಜ ಅಂದೆ. ಅವರು ನಂಬ್ಲಿಲ್ಲ. ಬರೀ ಒಂದು ದಿನಕ್ಕ ಇಷ್ಟಾಗ್ತದ ಅಂದ್ರ ವರ್ಷಗಟ್ಲೆ ಅಲ್ಲೇ ಇದ್ದೋರ ಕಥಿ ಏನು ಅಂದ್ರು. ನಮ್ಮಮ್ಮ ದಿನಾ ಒಗಿತಾಳ, ದಿನಾ ಅಂದೆ."

ನಂಬಲಿಲ್ಲವೆಂದರೆ ಏನರ್ಥ? ಹೊರಗೇ ಕೂತಿದ್ದೆನಲ್ಲ, ಕರೆಯಬೇಕಿತ್ತು. ಇವತ್ತು ಉಟ್ಟಿರುವುದೂ ಬಿಳಿಯದೇ, ನೋಡಿದ್ದರೆ ತಿಳಿಯುತ್ತಿತ್ತು. ಸಿಟ್ಟು ಇನ್ನೂ ಇಳಿದಿಲ್ಲ. ಶೈಲಾ ಮಾತ್ರ ನನ್ನ ತೋಳು ಹಿಡಿದುಕೊಂಡು ನಗುತ್ತಿದ್ದಾಳೆ.

ಜೂನ್ 12. ಸೋಮವಾರ

ಸೀಟು ಸಿಕ್ಕಿತು.

ಮಧ್ಯಾಹ್ನದ ಊಟದ ಗದ್ದಲದಲ್ಲಿ ಸೈಬರ್ ಕೆಫೆಯಿಂದ ಓಡಿ ಬಂದಳು. ಬಾಗಿಲಲ್ಲಿ ನಿಂತು ಹೇಳಿದಳು. ಕೈಯಲ್ಲಿ ಸಾರಿನ ಸೌಟು ಇತ್ತು. ಹಾಗೇ ಬಡಿಸುತ್ತ ಹೋದೆ, ಒಬ್ಬನ ತಾಟಿಗೆ ಸಾರು ತುಂಬಿ ಅಂಚಿನಿಂದ ಇಳಿಯಿತು. ಹೊನ್ನೂರಸ್ವಾಮಿ ಎದ್ದು ನಿಂತು, "ನಮ್ಮ ಗಾಡಿ ಧೂಳು ಸೀಟು ಕೊಡಿಸ್ತು ನೋಡ್ರಿ" ಅಂತ ಎಲ್ಲರಿಗೂ ಸಾರಿದ. ಧೂಳಲ್ಲ, ನನ್ನ ಮಗಳ ಕೈ ಅಂದೆ. ಆಮೇಲೆ, ಸ್ವಲ್ಪ ಧೂಳೂ ಹೌದು ಅಂದೆ.

ಇವರು ಸಂಜೆ ಬಂದು ಮಗಳ ತಲೆ ಮೇಲೆ ಕೈಯಿಟ್ಟರು. ತೂಗಿ ಆಡಲೂ ಮಾತಿರಲಿಲ್ಲ ಪಾಪ.

ಜುಲೈ 10. ಸೋಮವಾರ. ಅಹಮದಾಬಾದ್

ಇವತ್ತು ಸೇರಿಸಿದೆವು. ಹಾಸ್ಟೆಲ್ ಕೋಣೆ ಚೊಕ್ಕವಾಗಿದೆ, ಆದರೂ ನಾನು ಒಂದು ಸಲ ಒರೆಸಿದೆ. ಇವರು ಫೀಸಿನ ಸಾಲಿನಲ್ಲಿ ನಿಂತಿದ್ದಾರೆ.

ಉದ್ದನೆಯ ಪಡಸಾಲೆ. ಗೋಡೆಯ ತುಂಬ ಹೊಸ ಮಕ್ಕಳು ಕಳಿಸಿದ್ದನ್ನೆಲ್ಲ ಹಚ್ಚಿದ್ದಾರೆ. ನೋಡುತ್ತ ಬಂದೆ. ಚಿತ್ರಗಳು, ಬೊಂಬೆ, ಆ ಸ್ಟೂಲು. ಕೊನೆಯಲ್ಲಿ, ಗೋಡೆಯ ಈ ತುದಿಯಿಂದ ಆ ತುದಿಯವರೆಗೆ, ನನ್ನ ಸೀರೆ.

ಒಂದು ಕ್ಷಣ ಸೆರಗು ಎಳೆದುಕೊಂಡೆ, ಯಾರೋ ನನ್ನನ್ನೇ ಅಲ್ಲಿ ನಿಲ್ಲಿಸಿದಂತೆ. ಓಡಿ ಹೋಗಬೇಕೆನ್ನಿಸಿತು. ಆಮೇಲೆ ಸರಿಯಾಗಿ ನೋಡಿದರೆ, ಫಾಲ್ ಹೊಲಿದ ಅಂಚು ಮೇಲೆ, ಸೊಂಟದ ಅಂಚು ಕೆಳಗೆ. ಪ್ಯಾಂಟು ಹಾಕುವ ಹುಡುಗರು ಕಟ್ಟಿದ್ದಿರಬೇಕು. ಕೊಟ್ರಬಸಮ್ಮ ಅಹಮದಾಬಾದಿನ ಗೋಡೆಯ ಮೇಲೆ ತಲೆಕೆಳಗಾಗಿ ನಿಂತಿದ್ದಳು.

ನಾಚಿಕೆ ಎಲ್ಲಿ ಹೋಯಿತೋ. ಸ್ಟೂಲು ಎಳೆದುಕೊಂಡು ಹತ್ತಿದೆ. ಶೈಲಾ "ಅಮ್ಮಾ, ಮುಟ್ಟಬಾರ್ದು ಅದನ್ನ" ಅನ್ನುತ್ತಿದ್ದಳು. ನನ್ನ ಸೀರೆ ನಾನು ಮುಟ್ಟಬಾರದೇನು. ಕ್ಲಿಪ್ಪು ಬಿಚ್ಚಿ, ತಿರುಗಿಸಿ, ಒಂದೊಂದೇ ನೆರಿಗೆ ನೆಟ್ಟಗೆ ಮಾಡಿ ಕಟ್ಟಿದೆ. ಜನ ಸೇರಿದರು. ಕನ್ನಡಕದ ಹೆಂಗಸೊಬ್ಬಳು, ಮೇಡಂ ಇರಬೇಕು, ಹಿಂದಿಯಲ್ಲಿ ಏನೋ ಕೇಳಿದಳು. ತಿಳಿಯಲಿಲ್ಲ. ಸ್ಟೂಲಿನ ಮೇಲಿಂದಲೇ ಕನ್ನಡದಲ್ಲಿ ಹೇಳಿದೆ, ಜೋರಾಗಿ, ಪಡಸಾಲೆಗೆಲ್ಲ ಕೇಳುವ ಹಾಗೆ. "ಇದು ನಂದು. ಒಗದಿಲ್ಲ."

ಬೆರಳೆಲ್ಲ ಕೆಂಪಾಗಿದೆ. ನಲ್ಲಿ ಇಲ್ಲೇ ಪಕ್ಕದಲ್ಲಿದೆ. ಹಾಗೇ ಕೂತು ಬರೆಯುತ್ತಿದ್ದೇನೆ, ಪುಟದ ಅಂಚಿಗೂ ಹತ್ತಿತು. ಹತ್ತಲಿ. ಊಟಕ್ಕೆ ಕರೆಯುತ್ತಿದ್ದಾರೆ. "ಅಮ್ಮಾ, ಕೈ ತೊಳ್ಕೊಂಡು ಬಾ" ಅನ್ನುತ್ತಿದ್ದಾಳೆ ಶೈಲಾ. ಬರುತ್ತೇನೆ, ಇರು, ಕೈ ಆಮೇಲೆ.